ಹಳೆಯ ಟ್ರ್ಯಾಕ್ಟರಿನ ತಗಡಿಗೆ ಹೊಸ ಬಣ್ಣ

ಹರಿಯಾಣದ ಪಿಂಜೋರಿನಲ್ಲಿ 1971ರಿಂದ ತಯಾರಾಗುತ್ತಿದ್ದ ಎಚ್.ಎಂ.ಟಿ. ಟ್ರ್ಯಾಕ್ಟರಿನ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ತೀರ್ಮಾನಿಸಿತು. ಆದುದರಿಂದ ಅದನ್ನು ಇಟ್ಟುಕೊಂಡವರು ಇರುವ ಬಾನೆಟ್ಟು, ಮಡ್‌ಗಾರ್ಡುಗಳನ್ನೇ ಉಳಿಸಿಕೊಳ್ಳುವುದು ಜಾಣತನ.

ತುಕ್ಕಿನ ಮೇಲೆ ಬಳಿದ ಬಣ್ಣ ಬಹುಕಾಲ ನಿಲ್ಲದು. ಒಳಗಿನ ತುಕ್ಕು ತಗಡನ್ನು ತಿನ್ನುತ್ತಲೇ ಇರುತ್ತದೆ. ಮೊದಲು ಬ್ಯಾಟರಿಯ ತಂತಿ ಕಳಚಿ, ತಗಡುಗಳನ್ನು ಬಿಚ್ಚಿ, ಜಿಡ್ಡು ತೊಳೆಯಿರಿ. ಮಾಸ್ಕ್ ಧರಿಸಿ, ತಂತಿಯ ಬ್ರಷ್ಷು, ಉಪ್ಪುಕಾಗದಗಳಿಂದ ಲೋಹ ಹೊಳೆಯುವವರೆಗೆ ಉಜ್ಜಿರಿ. ತೂತು ಬಿದ್ದ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಿರಿ. ಆದರೆ ಡೀಸೆಲ್ ಟ್ಯಾಂಕು ಬರಿದಾಗಿದ್ದರೂ ಅದಕ್ಕೆ ಬೆಂಕಿ ಸೋಕಿಸಬೇಡಿರಿ. ಒಳಗಿನ ಆವಿ ಸಿಡಿದರೆ ಪ್ರಾಣಕ್ಕೇ ಅಪಾಯ.

ಉಜ್ಜಿದ ದಿನವೇ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಎನಾಮೆಲ್ ಬಣ್ಣವನ್ನು ತೆಳುವಾಗಿ ಎರಡು ಸಲ ಕೊಡಿರಿ. ಮಡ್‌ಗಾರ್ಡಿನ ಒಳಮೈಯನ್ನು ಮರೆಯದಿರಿ. ಕೆಸರು ಕೂಡುವುದೂ ಅಲ್ಲೇ, ತುಕ್ಕು ಹುಟ್ಟುವುದೂ ಅಲ್ಲೇ.