ಬಿಪಿ ಮಿಷನ್ನಿಗೆ ಕಿವಿಯಿಲ್ಲ

ಹೊನ್ನಾವರದ ಓದುಗರೊಬ್ಬರ ಪ್ರಶ್ನೆ: ‘ಅಮ್ಮನಿಗೆಂದು ಫೋನಿಗೆ ಜೋಡಿಸುವ ಬಿಪಿ ಮಿಷನ್ ತಂದೆವು. ಬೆನ್ನುಬೆನ್ನಿಗೆ ಮೂರು ಸಲ ನೋಡಿದರೆ 152, 144, 138 ಅಂತ ಬರ್ತದೆ. ಮಿಷನ್ ಹಾಳಾಗಿದೆಯೋ?’

ಹಾಳಾಗಿರಲಿಕ್ಕಿಲ್ಲ. ರಕ್ತದೊತ್ತಡ ಒಂದೊಂದು ಬಡಿತಕ್ಕೂ, ಒಂದೊಂದು ಉಸಿರಿಗೂ ಏರಿಳಿಯುತ್ತಲೇ ಇರುತ್ತದೆ. ಪಟ್ಟಿ ಮೊದಲ ಸಲ ತೋಳನ್ನು ಬಿಗಿದಾಗ ಆಗುವ ಸಣ್ಣ ಗಾಬರಿಗೆ ಇನ್ನೊಂದಷ್ಟು ಏರುತ್ತದೆ. ಮೂರೂ ಅಂಕಿ ಆಯಾ ಗಳಿಗೆಯವೇ. ಆದರೆ ಆ ಪುಟ್ಟ ಪೆಟ್ಟಿಗೆ ಈ ಅಂಕಿಗಳನ್ನು ಕಂಡುಕೊಳ್ಳುವ ಬಗೆಯಿದೆಯಲ್ಲ, ಅದು ಬಹಳ ಸೊಗಸು.

ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಕೇಳುವುದು ರಕ್ತನಾಳದ ಸದ್ದನ್ನು. ಪಟ್ಟಿಯ ಗಾಳಿ ಇಳಿಯುತ್ತ ಬಂದಂತೆ ಸದ್ದು ಶುರುವಾದಲ್ಲಿ ಮೇಲಿನ ಅಂಕಿ, ಅಡಗಿದಲ್ಲಿ ಕೆಳಗಿನದು. ರಷ್ಯದ ವೈದ್ಯ ನಿಕೊಲಾಯ್ ಕೊರೊಟ್ಕೊಫ್ 1905ರಲ್ಲಿ ತೋರಿಸಿಕೊಟ್ಟ ವಿಧಾನ ಇದು. ಮನೆಯ ಮಿಷನ್ ಇದ್ಯಾವುದನ್ನೂ ಕೇಳುವುದಿಲ್ಲ, ಅದು ನೋಡುವುದು ಗಾಳಿಯ ಅಲುಗಾಟವನ್ನು. ಹೃದಯ ಬಡಿದಾಗ ತೋಳಿನ ರಕ್ತನಾಳ ಉಬ್ಬುತ್ತದೆ, ಆ ಉಬ್ಬು ಮಾಂಸ, ಚರ್ಮಗಳನ್ನು ದಾಟಿ ಪಟ್ಟಿಯೊಳಗಿನ ಗಾಳಿಯನ್ನು ತುಸುವೇ ತುಸು ತಳ್ಳುತ್ತದೆ. ಗಾಳಿ ಇಳಿಯುತ್ತ ಹೋದಂತೆ ಈ ತಳ್ಳುಗಳು ದೊಡ್ಡದಾಗುತ್ತ ಬಂದು, ಒಂದು ಕಡೆ ತುದಿ ಮುಟ್ಟಿ, ಮತ್ತೆ ಸಣ್ಣದಾಗುತ್ತವೆ. ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಇಂಥ ಅಲೆಗಳನ್ನು 1876ರಲ್ಲೇ ಕಂಡಿದ್ದ. ತುದಿ ಮುಟ್ಟಿದ ಆ ಜಾಗವೇ ರಕ್ತದ ಸರಾಸರಿ ಒತ್ತಡ.

ನನ್ನನ್ನು ಬೆರಗುಗೊಳಿಸುವ ಸಂಗತಿ ಇಲ್ಲಿದೆ. ಮಿಷನ್ ನೇರವಾಗಿ ಹಿಡಿಯುವುದು ಈ ಸರಾಸರಿಯನ್ನು, ಆದರೆ ಅದನ್ನು ಸಾಮಾನ್ಯವಾಗಿ ಪರದೆಯ ಮೇಲೆ ತೋರಿಸುವುದೇ ಇಲ್ಲ! ನಾವು ಕಣ್ಣರಳಿಸಿ ಓದುವ ಮೇಲಿನ, ಕೆಳಗಿನ ಅಂಕಿಗಳು ಅಲೆಗಳ ಏರಿಳಿತದಿಂದ ಲೆಕ್ಕ ಹಾಕಿದವು. ಲೆಕ್ಕದ ಸೂತ್ರ ಆಯಾ ಕಂಪನಿಯ ಗುಟ್ಟು. ಹಾಗಾಗಿಯೇ ಕೊಳ್ಳುವಾಗ ಆ್ಯಪ್‌ನ ಬಣ್ಣ ನೋಡಬೇಡಿ, ಆ ಮಾದರಿ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೇ ಎಂದು ಕೇಳಿ. ಪಟ್ಟಿ ತೋಳಿನ ಸುತ್ತಳತೆಗೆ ಸರಿಯಾಗಿರಲಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಅಂಕಿ ಸುಳ್ಳೇ ಏರುತ್ತದೆ. ನೋಡುವಾಗ ಮಾತಾಡಿದರೆ ಒತ್ತಡವೇ ಏರುತ್ತದೆ, ಕೈ ಅಲುಗಿದರೆ ಅಲೆಗಳು ಕಲಸಿಹೋಗುತ್ತವೆ. ತೋಳು ಹೃದಯದ ಮಟ್ಟದಲ್ಲಿರಬೇಕು. ಹತ್ತು ಸೆಂಟಿಮೀಟರ್ ಕೆಳಗೆ ಜೋತುಬಿದ್ದರೂ ಅಷ್ಟೆತ್ತರದ ರಕ್ತದ ಭಾರ ಸೇರಿ ಏಳೆಂಟು ಅಂಕಿ ಜಾಸ್ತಿ ತೋರುತ್ತದೆ.

ಇನ್ನು ಫೋನು. ಅದು ಬರಿಯ ಗುಮಾಸ್ತ; ಬ್ಲೂಟೂತ್‌ನಲ್ಲಿ ಬಂದ ಅಂಕಿ ಬರೆದಿಡುತ್ತದೆ, ಅಷ್ಟೆ. ಪಟ್ಟಿಯೇ ಬೇಡ, ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಗೊತ್ತಾಗುತ್ತದೆ ಎಂಬ ಆ್ಯಪ್‌ಗಳನ್ನು ನಂಬುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ‘ಇನ್‌ಸ್ಟಂಟ್ ಬ್ಲಡ್ ಪ್ರೆಶರ್’ ಎಂಬ ಇಂಥದೇ ಆ್ಯಪ್ 2014–15ರಲ್ಲಿ ಅಮೆರಿಕದಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ಜಾನ್ಸ್ ಹಾಪ್‌ಕಿನ್ಸ್‌ನವರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದಂತೆ, ಅಧಿಕ ಒತ್ತಡವಿದ್ದ ಐವರಲ್ಲಿ ಸುಮಾರು ನಾಲ್ವರಿಗೆ ಅದು ‘ಏನೂ ತೊಂದರೆಯಿಲ್ಲ’ ಎಂದಿತ್ತು. ಬಿಪಿ ಇಳಿಸುತ್ತದೆಂದು ಮಾರುವ ಅಯಸ್ಕಾಂತದ ಬಳೆಗಳದ್ದೂ ಇದೇ ಜಾತಿಯ ವಂಚನೆ. ದಯವಿಟ್ಟು ಎರಡನ್ನೂ ದೂರವಿಡಿ.

ಗುಮಾಸ್ತನ ಕೆಲಸ ಸಣ್ಣದೆಂದಲ್ಲ. ನಮ್ಮ ಕರಾವಳಿಯಲ್ಲಿ ಅದಕ್ಕೆ ಬಹಳ ಬೆಲೆಯಿದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನ ದನಿಯೆತ್ತಿದ್ದು ನೆನಪಿರಬಹುದು. ಕುಮಟಾದವರು ದೊಡ್ಡ ಡಾಕ್ಟರನ್ನು ಕಾಣಬೇಕೆಂದರೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕು. ಅಷ್ಟು ದೂರ ಹೋಗುವವರ ಕೈಯಲ್ಲಿ ವಾರದ ಲೆಕ್ಕವಿದ್ದರೆ ಡಾಕ್ಟರಿಗೆ ದೊಡ್ಡ ಆಧಾರ. ಆಸ್ಪತ್ರೆಯಲ್ಲಿ ಮಾತ್ರ ಬಿಪಿ ಏರುವವರೂ ಇದ್ದಾರೆ, ಮನೆಯಲ್ಲಿ ಮಾತ್ರ ಏರುವವರೂ ಇದ್ದಾರೆ.

ಭಟ್ಕಳದ ಎಷ್ಟೋ ಮನೆಗಳ ಮಕ್ಕಳು ದುಬೈ, ಸೌದಿಯಲ್ಲಿದ್ದಾರೆ. ಅಪ್ಪನ ಅಂಕಿ ಅಲ್ಲಿಂದಲೇ ನೋಡುವವರು ಒಂದು ಅಂಕಿಗೆ ಬೆದರಿ ಫೋನು ಮಾಡಿದರೆ ಅಪ್ಪನ ಬಿಪಿ ಇನ್ನಷ್ಟು ಏರೀತು. ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಏಳು ದಿನ ನೋಡಲಿ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಲೆಕ್ಕದಲ್ಲಿ 135/85 ಮುಟ್ಟಿದರೆ ಡಾಕ್ಟರಿಗೆ ತೋರಿಸಿ. 180/120 ದಾಟಿ ಎದೆನೋವೋ ಕೈಕಾಲು ಸೋಲುವುದೋ ಮಾತು ತೊದಲುವುದೋ ಇದ್ದರೆ ಇನ್ನೊಮ್ಮೆ ಬಟನ್ ಒತ್ತುತ್ತ ಕೂರದೆ 108ಕ್ಕೆ ಕರೆ ಮಾಡಿ.