ಹಳೆಯ ಮತ್ತು ಹೊಸ ಗಣಕಯಂತ್ರಗಳ ನಡುವೆ ಕಡತ ಹಂಚಿಕೆ

ಹಳೆಯ ಮತ್ತು ಹೊಸ ಗಣಕಯಂತ್ರಗಳ ನಡುವೆ ಕಡತ ಹಂಚಿಕೆ ಎಂದರೆ, ಬೇರೆ ಬೇರೆ ಕಾಲದ ಕಾರ್ಯಾಚರಣ ವ್ಯವಸ್ಥೆಗಳುಳ್ಳ ಗಣಕಯಂತ್ರಗಳು ಒಂದೇ ಗೃಹ ಜಾಲದ ಮೂಲಕ ಪರಸ್ಪರರ ಕಡತಗಳನ್ನು ತೆರೆಯಲು ಮತ್ತು ನಕಲು ಮಾಡಿಕೊಳ್ಳಲು ಅನುವಾಗುವ ವ್ಯವಸ್ಥೆ. ಇದಕ್ಕೆ ಅಂತರಜಾಲ ಸಂಪರ್ಕ ಅಗತ್ಯವಿಲ್ಲ; ಎರಡೂ ಯಂತ್ರಗಳು ಒಂದೇ ರೌಟರ್‌ಗೆ ಸೇರಿದ್ದರೆ ಸಾಕು. ಕನ್ನಡ ಕಡತಗಳ ವಿಷಯದಲ್ಲಿ ಎರಡು ಬಗೆಯ ಹೊಂದಾಣಿಕೆ ಬೇಕಾಗುತ್ತದೆ. ಯಂತ್ರಗಳ ಸಂವಹನ ನಿಯಮಾವಳಿ ಹೊಂದದಿದ್ದರೆ ಕಡತವು ತಲುಪುವುದಿಲ್ಲ; ಅಕ್ಷರ ಸಂಕೇತ ಹೊಂದದಿದ್ದರೆ ತಲುಪಿದ ಕಡತವನ್ನು ಓದಲಾಗುವುದಿಲ್ಲ.

ಎಸ್‌ಎಂಬಿ ಮತ್ತು ಅದರ ಆವೃತ್ತಿಗಳು

ವಿಂಡೋಸ್ ಗಣಕಯಂತ್ರಗಳು ಕಡತ ಹಂಚಿಕೆಗೆ ಬಳಸುವ ನಿಯಮಾವಳಿಯ ಹೆಸರು ಸರ್ವರ್ ಮೆಸೇಜ್ ಬ್ಲಾಕ್, ಸಂಕ್ಷೇಪವಾಗಿ ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ರೂಪುಗೊಂಡ ಇದನ್ನು ಮೈಕ್ರೋಸಾಫ್ಟ್ ಮುಂದೆ ಬೆಳೆಸಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಇದರ ಒಂದನೆಯ ಆವೃತ್ತಿ ಮಾತ್ರ ತಿಳಿದಿದೆ. ಎರಡನೆಯ ಆವೃತ್ತಿಯು ವಿಂಡೋಸ್ ವಿಸ್ಟಾದೊಂದಿಗೆ, ಮೂರನೆಯದು 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದವು. ಎರಡು ಯಂತ್ರಗಳು ಸಂಪರ್ಕಕ್ಕೆ ಬಂದಾಗ ಇಬ್ಬರಿಗೂ ತಿಳಿದಿರುವ ಅತ್ಯುನ್ನತ ಆವೃತ್ತಿಯನ್ನು ಆಯ್ದುಕೊಳ್ಳುತ್ತವೆ. ಅಂತಹ ಸಮಾನ ಆವೃತ್ತಿಯೇ ಇಲ್ಲದಿದ್ದರೆ ಸಂಪರ್ಕ ಏರ್ಪಡುವುದಿಲ್ಲ.

ಸಂಪರ್ಕ ಕಡಿದುಹೋಗಲು ಕಾರಣ

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶವು ಎಸ್‌ಎಂಬಿ ಒಂದನೆಯ ಆವೃತ್ತಿಯ ಸರ್ವರ್ ಭಾಗದಲ್ಲಿದ್ದ ದೋಷವನ್ನು ಬಳಸಿಕೊಂಡು ಅನೇಕ ದೇಶಗಳಲ್ಲಿ ಹರಡಿತು. ಅದು ಕಡತಗಳನ್ನು ಗೂಢಲಿಪೀಕರಿಸಿ ಹಣಕ್ಕೆ ಬೇಡಿಕೆಯಿಡುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಅಳವಡಿಸಿದ ಯಂತ್ರಗಳಲ್ಲಿ ಈ ಸರ್ವರ್ ಭಾಗವನ್ನು ಸೇರಿಸುವುದನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಗ್ರಾಹಕ ಭಾಗವೂ ಕ್ರಮೇಣ ಹೊರಹೋಯಿತು. ಲಿನಕ್ಸ್ ಬಳಕೆದಾರರ ಸಾಂಬಾ ತಂತ್ರಾಂಶವೂ 2019ರ 4.11 ಆವೃತ್ತಿಯಲ್ಲಿ ಇದೇ ದಾರಿ ಹಿಡಿಯಿತು. ವಿಂಡೋಸ್ 7ರಲ್ಲಿ ಪರಿಚಯಿಸಲಾದ ಹೋಮ್‌ಗ್ರೂಪ್ ಸೌಲಭ್ಯವನ್ನು 2018ರಲ್ಲಿ ಕೈಬಿಡಲಾಯಿತು. ಆದ್ದರಿಂದ ಕೇಬಲ್ ಮತ್ತು ರೌಟರ್ ಸರಿಯಾಗಿದ್ದರೂ ಹೊಸ ಯಂತ್ರದ ಜಾಲಪಟ್ಟಿಯಲ್ಲಿ ಹಳೆಯ ಯಂತ್ರದ ಹೆಸರು ಕಾಣದಿರುವುದುಂಟು.

ಕಡತ ಸಾಗಿಸುವ ವಿಧಾನಗಳು

ವಿಂಡೋಸ್ 7 ಮತ್ತು ಅನಂತರದ ಯಂತ್ರಗಳ ನಡುವೆ ಒಂದನೆಯ ಆವೃತ್ತಿಯ ಅಗತ್ಯವೇ ಇಲ್ಲ. ಬಳಕೆದಾರರ ಹೆಸರು ಮತ್ತು ಗುಪ್ತಪದವುಳ್ಳ ಖಾತೆಯನ್ನು ರಚಿಸಿ, ಫೋಲ್ಡರನ್ನು ಆ ಖಾತೆಗೆ ಹಂಚಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಪಟ್ಟಿಯಲ್ಲಿ ಹೆಸರು ಕಾಣದಿದ್ದಲ್ಲಿ, ವಿಳಾಸಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್‌ಗಳನ್ನೂ ಅವುಗಳ ಮುಂದೆ ಆ ಯಂತ್ರದ ಐಪಿ ವಿಳಾಸವನ್ನೂ ಬರೆದು ತೆರೆಯಬಹುದು.

ಎಕ್ಸ್‌ಪಿ ಅಥವಾ ಅದಕ್ಕೂ ಹಳೆಯ ಯಂತ್ರವಾದರೆ ಮೂರು ಮಾರ್ಗಗಳಿವೆ.

1. ಪೆನ್ ಡ್ರೈವ್ ಬಳಸುವುದು ಅತ್ಯಂತ ಸರಳ. ಫ್ಯಾಟ್32 ವಿನ್ಯಾಸದ ಪೆನ್ ಡ್ರೈವ್ ಎರಡರಲ್ಲೂ ತೆರೆಯುತ್ತದೆ. ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತವನ್ನು ಇಡಲಾಗದು.
2. ಹಳೆಯ ಯಂತ್ರವೇ ಚಾಲನೆಗೊಳ್ಳದಿದ್ದರೆ, ಅದರ ಹಾರ್ಡ್ ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಪರಿವರ್ತಕದ ಮೂಲಕ ಹೊಸ ಯಂತ್ರಕ್ಕೆ ಜೋಡಿಸಬಹುದು.
3. ಜಾಲದ ಮೂಲಕವೇ ಸಾಗಿಸಬೇಕಾದರೆ, ಹೊಸ ಯಂತ್ರದ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಎಸ್‌ಎಂಬಿ 1.0ರ ಗ್ರಾಹಕ ಭಾಗವನ್ನಷ್ಟೇ ತಾತ್ಕಾಲಿಕವಾಗಿ ಸಕ್ರಿಯಗೊಳಿಸಿ, ಹಳೆಯ ಯಂತ್ರದಿಂದ ಕಡತಗಳನ್ನು ಎಳೆದುಕೊಳ್ಳಬೇಕು. ಸರ್ವರ್ ಭಾಗವನ್ನು ಸಕ್ರಿಯಗೊಳಿಸಬಾರದು. ಕೆಲಸ ಮುಗಿದ ಕೂಡಲೇ ಗ್ರಾಹಕ ಭಾಗವನ್ನೂ ತೆಗೆದುಹಾಕಬೇಕು.

ಎಕ್ಸ್‌ಪಿಗೆ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ರಂದು ಕೊನೆಗೊಂಡಿತು. ಹೀಗಾಗಿ ಕಡತ ಸಾಗಿಸುವ ವೇಳೆಯಲ್ಲಿ ರೌಟರ್‌ನ ಅಂತರಜಾಲ ಸಂಪರ್ಕವನ್ನು ಕಡಿದಿಡುವುದು ಕ್ಷೇಮ.

ಕನ್ನಡ ಕಡತಗಳ ಅಕ್ಷರ ಸಂಕೇತ

ಕಡತವು ಹೊಸ ಯಂತ್ರವನ್ನು ತಲುಪಿದ ಮೇಲೆ ಎರಡನೆಯ ತೊಡಕು ಎದುರಾಗುತ್ತದೆ. ಯುನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ಮೊದಲಾದ ತಂತ್ರಾಂಶಗಳಲ್ಲಿ ಕನ್ನಡವನ್ನು ಬೆರಳಚ್ಚಿಸಲಾಗುತ್ತಿತ್ತು. ಆ ಕಾಲದ ಕಡತಗಳಲ್ಲಿ ಸಂಗ್ರಹವಾಗಿರುವುದು ರೋಮನ್ ಅಕ್ಷರಗಳ ಸಂಕೇತಗಳು. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದವು, ರೋಮನ್ ‘ಪಿ’ ಅಕ್ಷರದಿಂದ ಆರಂಭವಾಗಿ ನಡುವೆ ಪೌಂಡ್ ನಾಣ್ಯದ ಚಿಹ್ನೆಯುಳ್ಳ ಅರ್ಥರಹಿತ ಸಾಲಾಗಿ ಕಾಣುತ್ತದೆ. ಇದನ್ನು ಕಂಡು ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಿಹಾಕಬಾರದು. ಅದರೊಳಗಿನ ಬರಹ ಹಾಗೆಯೇ ಇರುತ್ತದೆ.

ಓದುವುದಷ್ಟೇ ಉದ್ದೇಶವಾದರೆ ಹಳೆಯ ಯಂತ್ರದ ಫಾಂಟ್ ಕಡತಗಳನ್ನೂ ಜೊತೆಯಲ್ಲಿ ನಕಲು ಮಾಡಿ ಹೊಸ ಯಂತ್ರದಲ್ಲಿ ಅಳವಡಿಸಬಹುದು. ಆದರೆ ಬರಹದೊಳಗೆ ಪದಗಳನ್ನು ಹುಡುಕಲು, ದೂರವಾಣಿಯಲ್ಲಿ ಓದಲು, ಅಂತರಜಾಲದಲ್ಲಿ ಪ್ರಕಟಿಸಲು ಯುನಿಕೋಡ್‌ಗೆ ಪರಿವರ್ತಿಸುವುದು ಅವಶ್ಯ. ಪರಿವರ್ತಕ ತಂತ್ರಾಂಶಗಳು ಈ ಕೆಲಸವನ್ನು ಬೇಗನೆ ಮಾಡುತ್ತವೆ. ಆದರೂ ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಮೂಲದೊಡನೆ ಹೋಲಿಸಿ ನೋಡಬೇಕು. ಫಾಂಟನ್ನು ಗಮನಿಸದ ಪರಿವರ್ತಕಗಳು ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಕನ್ನಡವೆಂದು ಭಾವಿಸಿ ಕೆಡಿಸುತ್ತವೆ.

ಹೊಸ ಯಂತ್ರದ ಯುನಿಕೋಡ್ ಕಡತವನ್ನು ಹಳೆಯದರಲ್ಲಿ ತೆರೆಯಬೇಕಾದಾಗ ತೊಡಕು ತಿರುಗುಮುರುಗಾಗುತ್ತದೆ. ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯುನಿಕೋಡ್ ಕನ್ನಡ ಫಾಂಟ್ ಇದೆ. ಆದರೆ ಒತ್ತಕ್ಷರಗಳು ಸರಿಯಾಗಿ ಮೂಡಲು ಸಂಕೀರ್ಣ ಲಿಪಿಗಳ ಬೆಂಬಲವನ್ನು ಪ್ರಾದೇಶಿಕ ಆಯ್ಕೆಗಳಲ್ಲಿ ಪ್ರತ್ಯೇಕವಾಗಿ ಅಳವಡಿಸಬೇಕಾಗುತ್ತದೆ.

ಸಂರಕ್ಷಣೆ

ಪರಿವರ್ತನೆಯ ನಂತರವೂ ಮೂಲ ಕಡತವನ್ನೂ ಅದರ ಫಾಂಟನ್ನೂ ಒಂದೇ ಫೋಲ್ಡರಿನಲ್ಲಿ ಉಳಿಸಿಕೊಳ್ಳುವುದು ಉಚಿತ. ಪರಿವರ್ತನೆಯಲ್ಲಿ ಆದ ದೋಷವನ್ನು ಮುಂದೆಂದಾದರೂ ತಿದ್ದಬೇಕಾದರೆ ಮೂಲವೊಂದೇ ಆಧಾರ. ನುಡಿ ಮತ್ತು ಬರಹದಲ್ಲಿ ಬೆರಳಚ್ಚಾದ ಪಾಠಟಿಪ್ಪಣಿ, ಪತ್ರ, ಊರಿನ ಇತಿಹಾಸ, ಜನಪದ ಗೀತೆಗಳ ಸಂಗ್ರಹ ಮುಂತಾದವುಗಳ ಪ್ರತಿ ಅನೇಕ ಮನೆಗಳಲ್ಲಿ ಹಳೆಯ ಯಂತ್ರವೊಂದರಲ್ಲಿ ಮಾತ್ರ ಇರಬಹುದು. ಆದುದರಿಂದ ಆ ಯಂತ್ರವನ್ನು ವಿಲೇವಾರಿ ಮಾಡುವ ಮುನ್ನ ಅದರಲ್ಲಿರುವ ಕಡತಗಳು ಹೊಸ ಯಂತ್ರದಲ್ಲಿ ತೆರೆಯುತ್ತವೆಯೇ, ಕನ್ನಡವಾಗಿಯೇ ಕಾಣುತ್ತವೆಯೇ ಎಂಬುದನ್ನು ಪರಿಶೀಲಿಸಬೇಕು.