ಸೇಂಟ್ ಜಸ್ಟ್: ಕಡಲತೀರದ ಹಳೆಯ ಗಣಿ ಪ್ರದೇಶಕ್ಕೆ ಭೇಟಿ ನೀಡುವವರ ಮಾಹಿತಿಗಾಗಿ

ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಸಮೀಪದಲ್ಲಿ ಸೇಂಟ್ ಜಸ್ಟ್ ಪಟ್ಟಣವಿದೆ. ಇದರ ಸುತ್ತಲಿನ ಕರಾವಳಿಯಲ್ಲಿ ಶತಮಾನಗಳ ಕಾಲ ತವರ ಮತ್ತು ತಾಮ್ರದ ಗಣಿಗಾರಿಕೆ ನಡೆದಿರುತ್ತದೆ. 2006ರಲ್ಲಿ ಯುನೆಸ್ಕೋ ಸಂಸ್ಥೆಯು ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್‌ನ ಗಣಿ ಪ್ರದೇಶಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು, ಈ ಪ್ರದೇಶವೂ ಅದರಲ್ಲಿ ಒಳಗೊಂಡಿದೆ.

ಕರ್ನಾಟಕದೊಂದಿಗಿನ ಸಂಬಂಧ

2001ರಲ್ಲಿ ಮುಚ್ಚಲ್ಪಟ್ಟ ಕೋಲಾರ ಚಿನ್ನದ ಗಣಿಗಳನ್ನು 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ದೀರ್ಘಕಾಲ ನಿರ್ವಹಿಸಿತ್ತು. ಆ ಅವಧಿಯಲ್ಲಿ ಕಾರ್ನ್‌ವಾಲ್‌ನ ಅನುಭವಿ ಗಣಿ ಕೆಲಸಗಾರರು ಕೆ.ಜಿ.ಎಫ್.ಗೆ ಬಂದು ನೆಲೆಸಿದ್ದರು.

ನೋಡತಕ್ಕ ಸ್ಥಳಗಳು

ಬೊಟಾಲಕ್: ಕಡಿದಾದ ಬಂಡೆಗಳ ಮೇಲೆ ಎರಡು ಹಳೆಯ ಎಂಜಿನ್ ಮನೆಗಳಿವೆ. ಇಲ್ಲಿನ ಸುರಂಗಗಳು ಸಮುದ್ರತಳದ ಅಡಿಯವರೆಗೂ ಸಾಗಿದ್ದವು.

ಲೆವಂಟ್: ಇಲ್ಲಿ ಕಾರ್ಮಿಕರನ್ನು ಇಳಿಸಲು, ಏರಿಸಲು ಮೇಲೆ ಕೆಳಗೆ ಚಲಿಸುವ ಉದ್ದನೆಯ ದಂಡವೊಂದನ್ನು ಬಳಸಲಾಗುತ್ತಿತ್ತು. ದಂಡದ ಮೆಟ್ಟಿಲಿನಿಂದ ಶಾಫ್ಟಿನ ಗೋಡೆಯಲ್ಲಿದ್ದ ಕಟ್ಟೆಗೆ, ಅಲ್ಲಿಂದ ಮತ್ತೆ ದಂಡಕ್ಕೆ ಹೆಜ್ಜೆಯಿಡುತ್ತ ಅವರು ಸಾಗಬೇಕಿತ್ತು. 1919ರ ಅಕ್ಟೋಬರ್ 20ರಂದು, ಕಾರ್ಮಿಕರು ಅದರ ಮೇಲಿರುವಾಗಲೇ ದಂಡದ ಮೇಲ್ತುದಿಯ ಜೋಡಣೆ ಮುರಿದು 31 ಜನರು ಮೃತಪಟ್ಟರು. ಗಣಿಯು 1930ರಲ್ಲಿ ಮುಚ್ಚಿತು. ದುರಸ್ತಿಗೊಂಡ ಹಳೆಯ ಉಗಿ ಎಂಜಿನ್ ಒಂದನ್ನು ಇಲ್ಲಿ ಕಾಣಬಹುದು.

ಗೀವರ್: 1985ರಲ್ಲಿ ತವರದ ಬೆಲೆ ವಿಶ್ವದಾದ್ಯಂತ ಕುಸಿದ ನಂತರ ಚೇತರಿಸಿಕೊಳ್ಳಲಾಗದೆ ಈ ಗಣಿಯು 1990ರಲ್ಲಿ ಸ್ಥಗಿತಗೊಂಡಿತು. ಈಗ ಇದು ವಸ್ತುಸಂಗ್ರಹಾಲಯವಾಗಿದ್ದು, ಸಂದರ್ಶಕರು ಹೆಲ್ಮೆಟ್ ಧರಿಸಿ ಹಳೆಯ ಸುರಂಗದೊಳಗೆ ಹೋಗಬಹುದಾಗಿದೆ.

ಪ್ರಯಾಣ ಮತ್ತು ವೀಸಾ

ಭಾರತೀಯ ಪಾಸ್‌ಪೋರ್ಟ್ ಹೊಂದಿರುವವರು ಯುನೈಟೆಡ್ ಕಿಂಗ್‌ಡಮ್‌ನ ಸಂದರ್ಶಕ ವೀಸಾವನ್ನು ಮುಂಚಿತವಾಗಿ ಪಡೆಯತಕ್ಕದ್ದು. ಪ್ರಯಾಣದ ದಿನಾಂಕಕ್ಕೆ 3 ತಿಂಗಳ ಮೊದಲಿನಿಂದ ಅರ್ಜಿ ಸಲ್ಲಿಸಬಹುದು. ಲಂಡನ್‌ನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಪೆನ್‌ಜಾನ್ಸ್‌ವರೆಗೆ ರೈಲಿನಲ್ಲಿ, ಅಲ್ಲಿಂದ ಸೇಂಟ್ ಜಸ್ಟ್‌ಗೆ ಬಸ್ಸಿನಲ್ಲಿ ತಲುಪಬಹುದು. ಗಣಿ ಸ್ಥಳಗಳು ಎಲ್ಲ ದಿನಗಳಲ್ಲಿ ತೆರೆದಿರುವುದಿಲ್ಲವಾದ್ದರಿಂದ, ದಿನ ಮತ್ತು ವೇಳೆಯನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಸೂಕ್ತ.

ಸುರಕ್ಷತಾ ಸೂಚನೆ

ಈ ಪ್ರದೇಶದಲ್ಲಿ ಹಳೆಯ ಶಾಫ್ಟುಗಳು ಅನೇಕವಿದ್ದು, ಕೆಲವು ಗಿಡಗಂಟಿಗಳಿಂದ ಮುಚ್ಚಿಹೋಗಿರಬಹುದು. ಆದ್ದರಿಂದ ಗುರುತಿಸಿದ ಕಾಲುದಾರಿಯನ್ನು ಬಿಟ್ಟು ಹೋಗಬಾರದು. ಅದಿರಿನಿಂದ ಆರ್ಸೆನಿಕ್ ಎಂಬ ವಿಷವಸ್ತುವನ್ನೂ ಇಲ್ಲಿ ತೆಗೆಯಲಾಗುತ್ತಿದ್ದುದರಿಂದ, ಮಕ್ಕಳು ಮಣ್ಣು, ಕಲ್ಲುಗಳನ್ನು ಮುಟ್ಟದಂತೆ ಪೋಷಕರು ನೋಡಿಕೊಳ್ಳತಕ್ಕದ್ದು. ಲೆವಂಟ್ ಗಣಿಯು 31 ಕಾರ್ಮಿಕರು ಪ್ರಾಣ ತೆತ್ತ ಸ್ಥಳವಾಗಿರುವುದರಿಂದ, ಸಂದರ್ಶಕರು ಅದಕ್ಕೆ ತಕ್ಕ ಗೌರವದಿಂದ ವರ್ತಿಸಬೇಕಾಗಿ ಕೋರಲಾಗಿದೆ.